ಸರಕುಸಾಗಣೆಯ ಅಂಕಿಗಳೂ ಪಾಠವಿಮರ್ಶೆಯೂ

ಹಳಗನ್ನಡ ಕಾವ್ಯಗಳ ಪಾಠಶುದ್ಧಿ, ಶಾಸನಗಳ ಕಾಲನಿರ್ಣಯ, ಕವಿಗಳ ಚರಿತ್ರೆ ಮುಂತಾದ ವಿಷಯಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಲಾರಿ, ರೈಲು, ಹಡಗುಗಳ ಪ್ರಸ್ತಾಪವೇಕೆಂದು ವಾಚಕ ಮಹಾಶಯರು ಕೇಳಬಹುದು. ಒಂದು ಪ್ರಾಂತದ ಸರಕು ಯಾವ ದಾರಿಯಲ್ಲಿ, ಯಾವ ವಾಹನದ ಮೇಲೆ, ಎಲ್ಲಿಂದ ಎಲ್ಲಿಗೆ ಸಾಗತಕ್ಕದ್ದೆಂಬುದನ್ನು ಇಂದು ಗೊತ್ತುಮಾಡುವವರು ಸಂತೆಯನ್ನೂ ಘಟ್ಟವನ್ನೂ ಕಣ್ಣಾರೆ ಕಂಡು ಗೊತ್ತುಮಾಡುವುದಿಲ್ಲ. ಸಾರ್ವಜನಿಕವಾಗಿ ಪ್ರಕಟವಾದ ಅಂಕಿಗಳನ್ನು ಓದಿ ಗೊತ್ತುಮಾಡುತ್ತಾರೆ. ಆ ಅಂಕಿಗಳಾದರೋ ಒಬ್ಬರು ಬರೆದು, ಇನ್ನೊಬ್ಬರು ನಕಲುಮಾಡಿ, ಮತ್ತೊಬ್ಬರು ತಿದ್ದಿ, ಬಿಟ್ಟುಹೋದುದನ್ನು ಊಹೆಯಿಂದ ತುಂಬಿ ಮುಂದಿನವರ ಕೈಗೆ ಕೊಟ್ಟ ಬರವಣಿಗೆ. ಬರವಣಿಗೆಯಾದ ಮೇಲೆ ಅದಕ್ಕೆ ಲಿಪಿಕಾರದೋಷವುಂಟು, ಪಾಠಾಂತರವುಂಟು, ಗ್ರಂಥಪಾತವುಂಟು, ಪ್ರಕ್ಷಿಪ್ತವೂ ಉಂಟು. ಇವುಗಳನ್ನು ಗುರುತಿಸುವ ವಿದ್ಯೆ ನಮ್ಮದು. ಓಲೆಗರಿಯಲ್ಲಿ ಒಂದಕ್ಷರ ತಪ್ಪಿದರೆ ಕಂದಪದ್ಯವೊಂದರ ಅನ್ವಯ ಕೆಡುವುದು. ಸಾಗಣೆಯ ಪಟ್ಟಿಯಲ್ಲಿ ಒಂದು ಅಂಕಿ ತಪ್ಪಿದರೆ ಕಾಡಿನೊಳಗೆ ಬೇಡವಾದ ಹಳಿ ಬೀಳುವುದು, ಬೇಕಾದ ಕಡೆ ಸೇತುವೆ ಏಳದೆ ಉಳಿಯುವುದು. ಆದಕಾರಣ ಈ ವಿಷಯವನ್ನು ಕೇವಲ ಲೆಕ್ಕಿಗರ ಪಾಲಿಗೆ ಬಿಟ್ಟುಬಿಡುವುದು ಯುಕ್ತವಲ್ಲವೆಂದು ನಮ್ಮ ಎಣಿಕೆ.

ಪ್ರಕೃತ ವಿಮರ್ಶೆಗೆ ನಾವು ತೆಗೆದುಕೊಂಡಿರುವುದು ಕಳೆದ ಕೆಲವು ವರ್ಷಗಳಲ್ಲಿ ಭಾರತ ಸರಕಾರದ ಆಶ್ರಯದಲ್ಲಿ ಹೊರಬಿದ್ದ ಕೆಲವು ಬರಹಗಳನ್ನು: ನೀತಿ ಆಯೋಗವು ರಾಕಿ ಮೌಂಟನ್ ಇನ್‌ಸ್ಟಿಟ್ಯೂಟಿನೊಡನೆ ಕೂಡಿ ೨೦೧೮ರಲ್ಲಿಯೂ ೨೦೨೧ರಲ್ಲಿಯೂ ಪ್ರಕಟಿಸಿದ ಎರಡು ವರದಿಗಳು, ೨೦೨೦ರ ರಾಷ್ಟ್ರೀಯ ರೈಲು ಯೋಜನೆ, ೨೦೨೧ರ ಅಕ್ಟೋಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗತಿಶಕ್ತಿ ಯೋಜನೆ, ೨೦೨೨ರ ಸೆಪ್ಟೆಂಬರಿನಲ್ಲಿ ಘೋಷಿತವಾದ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ. ಇವೆಲ್ಲದರ ಆಶಯ ಒಂದೇ. ರಸ್ತೆ, ರೈಲು, ಸಮುದ್ರ, ಒಳನಾಡಿನ ಜಲಮಾರ್ಗ, ಕೊಳವೆ ಇವುಗಳನ್ನು ಬೇರೆಬೇರೆಯಾಗಿ ನೋಡದೆ ಒಂದೇ ದೇಹದ ನಾಡಿಗಳೆಂದು ಭಾವಿಸಿ, ಯಾವ ಸರಕಿಗೆ ಯಾವುದು ಯೋಗ್ಯವೋ ಅದರ ಮೇಲೆ ಅದನ್ನು ಸಾಗಿಸಬೇಕೆಂಬುದು. ಆಶಯದ ವಿಷಯದಲ್ಲಿ ನಮಗೆ ತಕರಾರಿಲ್ಲ. ನಮ್ಮ ತಕರಾರು ಪಾಠದ ವಿಷಯದಲ್ಲಿ.

ಮೊದಲು ಎದುರಾಗುವುದು ಪಾಠಾಂತರ. ದೇಶದ ಸರಕಿನಲ್ಲಿ ರೈಲು ಹೊರುವ ಪಾಲೆಷ್ಟು? ೨೦೧೮ರ ವರದಿಯಲ್ಲಿ ರಸ್ತೆಗೆ ನೂರಕ್ಕೆ ೫೯, ರೈಲಿಗೆ ೩೫ ಎಂದಿದೆ. ೨೦೨೧ರ ವರದಿಯಲ್ಲಿ ರಸ್ತೆಯ ಪಾಲು ೭೦ನ್ನು ದಾಟಿದೆ, ರೈಲಿನ ಪಾಲು ೨೦ನ್ನು ಮುಟ್ಟಿಲ್ಲ. ಇವೆರಡರ ನಡುವೆ ಹುಟ್ಟಿದ ರಾಷ್ಟ್ರೀಯ ರೈಲು ಯೋಜನೆ ರೈಲಿನ ಪಾಲನ್ನು ೨೭ ಎಂದೆಣಿಸಿ, ೨೦೩೦ರ ಹೊತ್ತಿಗೆ ಅದು ೪೫ ಆಗಬೇಕೆಂದು ವಿಧಿಸುತ್ತದೆ. ಮೂರು ಪ್ರತಿಗಳು, ಮೂರು ಪಾಠಗಳು. ಇವು ಮೂರೂ ಒಂದೇ ಮೂಲದಿಂದ ಬಂದುವೆಂದು ನಂಬುವುದು ಕಷ್ಟ.

ರೈಲಿನ ಲೆಕ್ಕವೇ ಅಸ್ಥಿರವಾದುದೆಂದು ಹೇಳುವಂತಿಲ್ಲ. ರೈಲ್ವೆಯವರು ಬಾಡಿಗೆಯನ್ನು ತೂಕದ ಮೇಲೆ ವಸೂಲುಮಾಡುವವರಾದುದರಿಂದ ಅವರ ದಾಖಲೆ ಬಹುಮಟ್ಟಿಗೆ ಗಟ್ಟಿಯಾದುದು. ೨೦೧೭-೧೮ರಲ್ಲಿ ಅವರು ಹೇರಿದ ಸರಕು ಸುಮಾರು ೧೧೬ ಕೋಟಿ ಟನ್. ೨೦೨೦-೨೧ರಲ್ಲಿ ಸುಮಾರು ೧೨೩ ಕೋಟಿ ಟನ್. ಅಂದರೆ ಅಂಶವು ಸ್ವಲ್ಪ ಏರಿದೆ. ಅಂಶ ಏರಿಯೂ ಪಾಲು ಅರ್ಧಕ್ಕಿಳಿಯಬೇಕಾದರೆ ಛೇದವು ಹೆಚ್ಚುಕಡಮೆ ಇಮ್ಮಡಿಯಾಗಿರಬೇಕು. ಸಾಂಕ್ರಾಮಿಕ ರೋಗದಿಂದ ವ್ಯಾಪಾರವೆಲ್ಲ ನಿಂತ ವರ್ಷವನ್ನೊಳಗೊಂಡ ಇಷ್ಟು ಅಲ್ಪಕಾಲದಲ್ಲಿ ದೇಶದ ಲಾರಿಗಳು ಹೊರುವ ಸರಕು ಎರಡರಷ್ಟಾಯಿತೆಂದು ಯಾರೂ ಹೇಳಲಾರರು. ಆದುದರಿಂದ ಬದಲಾದದ್ದು ಸಾಗಣೆಯಲ್ಲ, ಛೇದವನ್ನು ಊಹಿಸಿದ ಕ್ರಮ. ಪ್ರತಿಯೊಂದು ವರದಿಯೂ ತನ್ನ ಗಣನೆಯ ಆಧಾರವನ್ನು ಎಲ್ಲಿಯೋ ಒಂದು ಪುಟದಲ್ಲಿ ಹೇಳಿಕೊಂಡಿರಬಹುದು. ಆದರೆ ಭಾಷಣದಿಂದ ಪತ್ರಿಕೆಗೆ, ಪತ್ರಿಕೆಯಿಂದ ಮುಂದಿನ ಯೋಜನೆಗೆ ದಾಟುವುದು ಬರಿಯ ಅಂಕಿಯೇ ಹೊರತು ಅದರ ವಂಶಾವಳಿಯಲ್ಲ. ೪೫ ಎಂಬ ಗುರಿಯನ್ನು ಮುಟ್ಟಲು ೩೫ರಿಂದ ಹೊರಟವನು ಹತ್ತು ಮೆಟ್ಟಿಲು ಹತ್ತಿದರೆ ಸಾಕು. ೧೮ರಿಂದ ಹೊರಟವನು ಇಪ್ಪತ್ತೇಳು ಮೆಟ್ಟಿಲು ಹತ್ತಬೇಕು. ಎಷ್ಟು ಎಂಜಿನು, ಎಷ್ಟು ವ್ಯಾಗನು, ಎಷ್ಟು ಹಳಿ ಬೇಕೆಂಬುದು ಈ ವ್ಯತ್ಯಾಸದಲ್ಲಿ ಅಡಗಿದೆ.

ಇನ್ನೊಂದು ತೊಡಕು ಮಾನದ್ದು. ಟನ್ನುಗಳಲ್ಲಿ ಎಣಿಸುವುದು ಒಂದು, ಟನ್-ಕಿಲೋಮೀಟರುಗಳಲ್ಲಿ ಎಣಿಸುವುದು ಮತ್ತೊಂದು. ಸೊಂಡೂರಿನಿಂದ ಪಣಂಬೂರಿಗೆ ಹೋದ ಒಂದು ಟನ್ ಅದಿರೂ ಊರ ಹೊರಗಿನ ಗೂಡಿನಿಂದ ಊರೊಳಗೆ ಬಂದ ಒಂದು ಟನ್ ಇಟ್ಟಿಗೆಯೂ ಮೊದಲನೆಯ ಲೆಕ್ಕದಲ್ಲಿ ಸಮಾನ, ಎರಡನೆಯದರಲ್ಲಿ ಆನೆ ಆಡಿನಷ್ಟು ಅಂತರ. ಯಾವ ಮಾನದಲ್ಲಿ ಹೇಳಿದೆಯೆಂಬುದನ್ನು ಬಿಟ್ಟು ಶೇಕಡಾವಾರು ಮಾತ್ರ ಉದ್ಧರಿಸುವುದು ಛಂದಸ್ಸನ್ನು ಹೇಳದೆ ಮಾತ್ರೆಗಳನ್ನು ಎಣಿಸಿದ ಹಾಗೆ.

ಛೇದವು ಏತಕ್ಕೆ ಊಹೆಯ ಪಾಲಾಯಿತು? ಇಲ್ಲಿ ನಾವು ಗ್ರಂಥಪಾತಕ್ಕೆ ಬರುತ್ತೇವೆ. ಕೊಲ್ಕತ್ತೆಯಲ್ಲಿರುವ ವಾಣಿಜ್ಯ ಮಾಹಿತಿ ಮತ್ತು ಅಂಕಿ ಅಂಶಗಳ ಮಹಾನಿರ್ದೇಶನಾಲಯವು ರಾಜ್ಯರಾಜ್ಯಗಳ ನಡುವಣ ಸರಕಿನ ಸಂಚಾರವನ್ನು ಕುರಿತು ಸಂಪುಟಗಳನ್ನು ಪ್ರಕಟಿಸುತ್ತ ಬಂದಿದೆ. ಯಾವ ರಾಜ್ಯದಿಂದ ಯಾವ ರಾಜ್ಯಕ್ಕೆ ಯಾವ ಪದಾರ್ಥ ಎಷ್ಟು ಕ್ವಿಂಟಲ್ ಹೋಯಿತೆಂಬುದು ಅಲ್ಲಿ ಕೋಷ್ಟಕವಾಗಿರುತ್ತದೆ. ಆದರೆ ಅದರ ಶೀರ್ಷಿಕೆಯಲ್ಲಿಯೇ ಹೇಳಿರುವಂತೆ ಅದು ರೈಲು, ನದಿ, ವಿಮಾನ ಇವುಗಳ ಮೂಲಕ ನಡೆದ ಸಂಚಾರ ಮಾತ್ರ. ರಸ್ತೆಯಿಲ್ಲ! ಎಲ್ಲ ಪಾಠಗಳ ಪ್ರಕಾರವೂ ಅತಿ ದೊಡ್ಡ ಪಾಲನ್ನು ಹೊರುವ ಮಾರ್ಗವೇ ಆ ಗ್ರಂಥದಲ್ಲಿ ಲುಪ್ತವಾಗಿದೆ. ಹತ್ತು ಆಶ್ವಾಸಗಳ ಕಾವ್ಯದಲ್ಲಿ ಆರು ಏಳು ಆಶ್ವಾಸಗಳು ಕಳೆದುಹೋಗಿ, ಉಳಿದುವುಗಳಿಂದ ಕವಿಯ ಶೈಲಿಯನ್ನು ನಿರ್ಣಯಿಸುವವನ ಪಾಡು ಯೋಜಕನದು. ಈ ಕೊರತೆಯನ್ನು ತುಂಬುವುದಕ್ಕೆ ಆಗಾಗ ವಿಶೇಷ ಸಮೀಕ್ಷೆಗಳು ನಡೆದುವೆಂಬುದೇನೋ ನಿಜ. ರೈಟ್ಸ್ ಸಂಸ್ಥೆಯು ಯೋಜನಾ ಆಯೋಗಕ್ಕಾಗಿ ೨೦೦೭-೦೮ನ್ನು ಆಧಾರವರ್ಷವಾಗಿಟ್ಟುಕೊಂಡು ನಡೆಸಿದ ಅಧ್ಯಯನ ಇವುಗಳಲ್ಲಿ ಪ್ರಸಿದ್ಧವಾದುದು. ಆ ಆಧಾರವರ್ಷದ ಮಾತನ್ನು ಮುಂದೆ ಮತ್ತೆ ಎತ್ತಬೇಕಾಗುವುದು.

ಈ ಲೋಪವನ್ನು ನೋಡುವಾಗ ನಮ್ಮ ಶಾಸನಗಳ ನೆನಪು ಬಾರದಿರದು. ಹನ್ನೊಂದು ಹನ್ನೆರಡನೆಯ ಶತಮಾನಗಳ ಕನ್ನಡ ಶಾಸನಗಳಲ್ಲಿ ದೇವಸ್ಥಾನಕ್ಕೋ ಬಸದಿಗೋ ಸುಂಕದ ಆದಾಯವನ್ನು ಬಿಟ್ಟುಕೊಟ್ಟ ಸಂದರ್ಭಗಳು ಹೇರಳವಾಗಿವೆ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳ ಹೆಸರು ಓದಿದವರಿಗೆಲ್ಲ ಪರಿಚಿತ. ಅಲ್ಲಿ ಗಮನಿಸತಕ್ಕ ಅಂಶವೆಂದರೆ, ದರವನ್ನು ಪದಾರ್ಥಕ್ಕೆ ಮಾತ್ರವಲ್ಲದೆ ಹೊರುವ ವಾಹನಕ್ಕೂ ಬೇರೆಬೇರೆಯಾಗಿ ಹೇಳುವ ವಾಡಿಕೆ. ಎತ್ತಿನ ಹೇರಿಗೆ ಇಷ್ಟು, ಕೋಣನ ಹೇರಿಗೆ ಇಷ್ಟು, ಕತ್ತೆಯ ಹೇರಿಗೆ ಇಷ್ಟು, ಬಂಡಿಗೆ ಇಷ್ಟು, ತಲೆಹೊರೆಗೆ ಇಷ್ಟು. ಹಳಗನ್ನಡದ ಪೇಱು ನಮ್ಮ ಕಾಲದ ಹೇರು ಆಗಿ ಇಂದಿಗೂ ಬದುಕಿದೆ. ಸುಂಕದವನಿಗೆ ವಾಹನಭೇದ ಬೇಕಾಗಿತ್ತು, ಏಕೆಂದರೆ ಹೇರಿನ ತೂಕವನ್ನು ಅವನು ಪ್ರತಿಸಲವೂ ತೂಗುತ್ತಿರಲಿಲ್ಲ. ಹೊರುವ ಪ್ರಾಣಿಯೇ ಅವನ ತಕ್ಕಡಿ. ಇದರಿಂದ ಆ ಕಾಲದ ಸಾಗಣೆಯ ಮೊತ್ತ ನಮಗೆ ತಿಳಿಯಿತೆಂದು ಹೇಳುವಂತಿಲ್ಲ. ಶಾಸನ ಕೊಡುವುದು ದರವನ್ನು, ಎಷ್ಟು ಎತ್ತು ಹಾದುಹೋದುವೆಂಬುದನ್ನಲ್ಲ. ಕೆಲವರು ದರಪಟ್ಟಿಯನ್ನೇ ವ್ಯಾಪಾರದ ಅಳತೆಯೆಂದು ತಿಳಿದು ದೊಡ್ಡ ದೊಡ್ಡ ನಿರ್ಣಯಗಳನ್ನು ಮಾಡುವುದುಂಟು, ಅದು ಸಾಧುವಲ್ಲ. ಆದರೆ ರಸ್ತೆಯ ಮೇಲೆ ಯಾವ ಬಗೆಯ ವಾಹನಗಳಲ್ಲಿ ಏನೇನು ಹೋಗುತ್ತಿತ್ತೆಂಬ ಪ್ರಶ್ನೆಯೇ ಬಿಟ್ಟುಹೋಗಿಲ್ಲವೆಂಬುದು ಗಮನಾರ್ಹ. ೧೮೦೦-೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳಲ್ಲಿ ಸಂಚರಿಸಿ ೧೮೦೭ರಲ್ಲಿ ತನ್ನ ಪ್ರವಾಸವನ್ನು ಮೂರು ಸಂಪುಟಗಳಲ್ಲಿ ಅಚ್ಚುಮಾಡಿಸಿದ ಫ್ರಾನ್ಸಿಸ್ ಬುಕಾನನ್ನನೂ ಊರೂರಿಗೆ ಬೇರೆಯಾಗುವ ಸೇರು ಮಣಗಳ ಪ್ರಮಾಣವನ್ನು ಬರೆದಿಟ್ಟ ಮೇಲೆಯೇ ವ್ಯಾಪಾರದ ಮಾತಿಗೆ ತೊಡಗುವಷ್ಟು ಎಚ್ಚರಿಕೆಯುಳ್ಳವನು.

ಇತ್ತೀಚೆಗೆ ಈ ಲೋಪವನ್ನು ತುಂಬಬಲ್ಲ ಒಂದು ಹೊಸ ಆಕರ ದೊರೆತಿದೆ. ಸರಕು ಮತ್ತು ಸೇವಾ ತೆರಿಗೆಯ ಅಂಗವಾಗಿ ಬಂದ ವಿದ್ಯುನ್ಮಾನ ರಹದಾರಿ, ಅಂದರೆ ಎಲ್ಲರೂ ಈ-ವೇ ಬಿಲ್ ಎಂದು ಕರೆಯುವ ಚೀಟಿ, ೨೦೧೮ರ ಏಪ್ರಿಲ್ ೧ರಿಂದ ರಾಜ್ಯರಾಜ್ಯಗಳ ನಡುವಣ ಸಾಗಣೆಗೆ ಕಡ್ಡಾಯವಾಯಿತು. ರಾಜ್ಯದ ಒಳಗಣ ಸಾಗಣೆಗೂ ಅದೇ ದಿನದಿಂದ ಅದನ್ನು ಮೊಟ್ಟಮೊದಲು ಜಾರಿಗೆ ತಂದ ಕೀರ್ತಿ ಕರ್ನಾಟಕದ್ದು. ಹೊರಟ ಸ್ಥಳ, ತಲುಪುವ ಸ್ಥಳ, ಪದಾರ್ಥದ ಸಂಕೇತ, ವಾಹನದ ಸಂಖ್ಯೆ, ಬೆಲೆ ಇವೆಲ್ಲವೂ ಅದರಲ್ಲಿವೆ. ಕಳೆದುಹೋಗಿದ್ದ ಆಶ್ವಾಸಗಳ ಓಲೆ ಯಾವುದೋ ಮಠದ ಅಟ್ಟದ ಮೇಲೆ ಸಿಕ್ಕಿದಂತಾಯಿತು. ಆದರೆ ಸಿಕ್ಕಿದ ಪ್ರತಿಯನ್ನು ಕಣ್ಣಿಗೊತ್ತಿಕೊಳ್ಳುವ ಮುನ್ನ ಪರೀಕ್ಷಿಸಬೇಕಷ್ಟೆ. ಇದು ತೆರಿಗೆಗಾಗಿ ಹುಟ್ಟಿದ ಬರಹ. ಬೆಲೆಯನ್ನು ಬಲ್ಲದು, ತೂಕವನ್ನು ಅರೆಮನಸ್ಸಿನಿಂದ ಬಲ್ಲದು. ಪರಿಮಾಣದ ಅಂಕಣದಲ್ಲಿ ಒಬ್ಬನು ಕಿಲೋಗ್ರಾಮು ಬರೆದರೆ ಇನ್ನೊಬ್ಬನು ಪೆಟ್ಟಿಗೆಯೆಂದೂ ಮತ್ತೊಬ್ಬನು ಬಿಡಿ ಎಣಿಕೆಯೆಂದೂ ಬರೆಯುತ್ತಾನೆ. ಬುಕಾನನ್ನನ ಮಣಗಳ ಗೊಂದಲ ಇನ್ನೂರು ವರ್ಷಗಳ ಬಳಿಕ ಮರಳಿ ಬಂದಿದೆ. ೫೦,೦೦೦ ರೂಪಾಯಿಗಿಂತ ಕಡಮೆ ಬೆಲೆಯ ರವಾನೆಗೆ ಸಾಮಾನ್ಯವಾಗಿ ಚೀಟಿ ಬೇಡ. ಪೆಟ್ರೋಲು, ಡೀಸೆಲುಗಳಿಗೆ ಬೇಡ. ತೆರಿಗೆಯಿಲ್ಲದ ಎಷ್ಟೋ ಕೃಷಿಪದಾರ್ಥಗಳಿಗೆ ಬೇಡ. ಮೋಟಾರಿಲ್ಲದ ವಾಹನದ ಮೇಲಿನ ಸರಕಿಗೂ ಬೇಡ. ಹೊಯ್ಸಳರ ಸುಂಕದವನು ಬಿಡದೆ ಎಣಿಸಿದ ಎತ್ತಿನ ಬಂಡಿ ಇಪ್ಪತ್ತೊಂದನೆಯ ಶತಮಾನದ ಲೆಕ್ಕದಿಂದ ಹೀಗೆ ಹೊರಗುಳಿದಿದೆ! ಇಷ್ಟಾದರೂ ಇದು ಅಮೂಲ್ಯವಾದ ಆಕರ. ದುಃಖದ ಸಂಗತಿಯೆಂದರೆ, ಸಾರ್ವಜನಿಕರ ಕೈಗೆ ಬರುವುದು ರಾಜ್ಯವಾರು ಮೊತ್ತಗಳು ಮಾತ್ರ. ಜಿಲ್ಲೆಯಿಂದ ಜಿಲ್ಲೆಗೆ, ಪದಾರ್ಥವಾರಾಗಿ ಹರಿವು ಎಷ್ಟೆಂಬುದು ಹೊರಬರುವುದಿಲ್ಲ. ವ್ಯಾಪಾರಿಯ ಗುಟ್ಟನ್ನು ಬಯಲುಮಾಡದೆಯೂ ಇಂಥ ಮೊತ್ತಗಳನ್ನು ಕೊಡಬಹುದೆಂಬುದಕ್ಕೆ ೨೦೧೬-೧೭ರ ಆರ್ಥಿಕ ಸಮೀಕ್ಷೆಯೇ ಸಾಕ್ಷಿ. ಅದರ ಕರ್ತೃಗಳು ಆಗಿನ ಕೇಂದ್ರ ಮಾರಾಟ ತೆರಿಗೆಯ ದಾಖಲೆಗಳನ್ನು ಹಿಡಿದು ದೇಶದ ಅಂತರರಾಜ್ಯ ವ್ಯಾಪಾರವು ರಾಷ್ಟ್ರೋತ್ಪನ್ನದ ನೂರಕ್ಕೆ ೫೪ರಷ್ಟಿದೆಯೆಂದು ತೋರಿಸಿಕೊಟ್ಟರು. ಟೋಲುಗಳಲ್ಲಿ ೨೦೨೧ರ ಫೆಬ್ರವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗಿನ ಮಾತೂ ಹೀಗೆಯೇ. ಅದು ವಾಹನದ ಅಚ್ಚುಗಳನ್ನೆಣಿಸುತ್ತದೆ, ಒಳಗಿರುವುದು ಅಡಕೆಯೋ ಗಾಳಿಯೋ ತಿಳಿಯದು. ಬರಿದಾಗಿ ಹಿಂದಿರುಗುವ ಲಾರಿಯೂ ತುಂಬಿದ ಲಾರಿಯೂ ಅದರ ಕಣ್ಣಿಗೆ ಒಂದೇ.

ಇನ್ನು ಪರಂಪರಾಗತವಾದ ಒಂದು ಅಂಕಿಯ ಕಥೆ. ಸರಕನ್ನು ಸಾಗಿಸಿ ಕೂಡಿಡುವ ವೆಚ್ಚ ನಮ್ಮ ದೇಶದಲ್ಲಿ ರಾಷ್ಟ್ರೋತ್ಪನ್ನದ ನೂರಕ್ಕೆ ೧೩ರಿಂದ ೧೪ ಎಂಬ ಮಾತು ಬಹುಕಾಲದಿಂದ ಬಾಯಿಂದ ಬಾಯಿಗೆ ಬರುತ್ತಿದೆ. ೨೦೨೨ರ ನೀತಿಯ ಘೋಷಣೆಯ ಸಮಯದಲ್ಲಿಯೂ ಇದೇ ಅಂಕಿ ಮೊಳಗಿತು. ೨೦೨೨-೨೩ರ ಆರ್ಥಿಕ ಸಮೀಕ್ಷೆ ೧೪ರಿಂದ ೧೮ ಎಂದು ಇನ್ನಷ್ಟು ಏರಿಸಿ, ಜಗತ್ತಿನ ಮಾದರಿ ೮ ಎಂದು ಪಕ್ಕದಲ್ಲಿಟ್ಟಿತು. ೨೦೨೩ರ ಕೊನೆಗೆ ರಾಷ್ಟ್ರೀಯ ಅನ್ವಯಿಕ ಅರ್ಥಶಾಸ್ತ್ರ ಸಂಶೋಧನ ಮಂಡಳಿಯವರು ಸರಕಾರಕ್ಕಾಗಿಯೇ ಪ್ರಕಟಿತ ಅಂಕಿಗಳಿಂದ ಲೆಕ್ಕಹಾಕಿ, ೨೦೨೧-೨೨ರಲ್ಲಿ ಆ ವೆಚ್ಚ ೭.೮ರಿಂದ ೮.೯ರ ಒಳಗಿದೆಯೆಂದು ತೋರಿಸಿದರು. ಅರ್ಥಾತ್ ನೀತಿಯು ಮುಟ್ಟಬೇಕೆಂದಿದ್ದ ಗುರಿಯನ್ನು, ನೀತಿ ಹುಟ್ಟುವ ಮೊದಲೇ ದೇಶವು ಮುಟ್ಟಿಯಾಗಿತ್ತು! ಕವಿರಾಜಮಾರ್ಗದ ಕರ್ತೃತ್ವವನ್ನು ಕುರಿತ ಚರ್ಚೆಯನ್ನು ಬಲ್ಲವರಿಗೆ ಇದು ಹೊಸ ಅನುಭವವಲ್ಲ. ಹತ್ತು ಗ್ರಂಥಗಳಲ್ಲಿ ಒಂದು ಹೇಳಿಕೆ ಸಿಕ್ಕಿತೆಂದು ಅದಕ್ಕೆ ಹತ್ತು ಸಾಕ್ಷಿಗಳಿವೆಯೆಂದು ತಿಳಿಯಬಾರದು. ಹತ್ತೂ ಒಂದನ್ನೇ ನೋಡಿ ಬರೆದವಾಗಿದ್ದರೆ ಸಾಕ್ಷಿ ಒಂದೇ. ಹೊಸ ಗಣನೆ ಹಳೆಯದಕ್ಕಿಂತ ಮೇಲೆಂದು ನಾವು ಹೇಳುವುದು ಅದರ ಅಂಕಿ ಹಿತವಾಗಿದೆಯೆಂಬ ಕಾರಣದಿಂದಲ್ಲ, ಅದು ತನ್ನ ದಾರಿಯನ್ನು ತೋರಿಸಿದೆಯೆಂಬ ಕಾರಣದಿಂದ. ಆದರೂ ದೇಶಕ್ಕೆಲ್ಲ ಒಂದೇ ಸರಾಸರಿ ಹಾಸನದ ಆಲೂಗಡ್ಡೆಗೂ ಹುಬ್ಬಳ್ಳಿಯ ಹತ್ತಿಗೂ ಏನು ಹೇಳಬಲ್ಲದು?

ಈಗ ಪ್ರಕ್ಷಿಪ್ತದ ವಿಚಾರ. ನಮ್ಮ ನಾಡಿನ ಮಟ್ಟಿಗೆ ಇದು ಎಲ್ಲಕ್ಕಿಂತ ಗುರುತರವಾದುದು. ಆದುದರಿಂದ ಸ್ವಲ್ಪ ವಿಸ್ತರಿಸಿ ಹೇಳುವೆವು.

೨೦೦೬ರಿಂದ ೨೦೧೦ರವರೆಗಿನ ಅವಧಿಯಲ್ಲಿ ಬಳ್ಳಾರಿ, ಹೊಸಪೇಟೆ, ಸೊಂಡೂರಿನ ಕಬ್ಬಿಣದ ಅದಿರು ಲಾರಿಗಳ ಮೇಲೂ ರೈಲಿನ ಮೇಲೂ ಹೊರಟು, ಪಶ್ಚಿಮ ಮತ್ತು ಪೂರ್ವ ಕರಾವಳಿಯ ಬಂದರುಗಳಿಂದ ವಿಶೇಷವಾಗಿ ಚೀನಾ ದೇಶಕ್ಕೆ ಹಡಗೇರಿತು. ಈ ಸಾಗಣೆಯ ದಾಖಲೆಗಳು ಒಂದಲ್ಲ, ಹಲವು. ಗಣಿಯಿಂದ ಅದಿರು ಹೊರಡಲು ಗಣಿ ಇಲಾಖೆಯ ಪರವಾನಗಿ, ಕಾಡಿನ ಮೂಲಕ ಹಾಯಲು ಅರಣ್ಯ ಇಲಾಖೆಯ ರಹದಾರಿ, ರೈಲಿನ ರಸೀತಿ, ಬಂದರಿನಲ್ಲಿ ಹಡಗಿಗೆ ತುಂಬಿದ ಲೆಕ್ಕ, ಕಸ್ಟಮ್ಸಿನ ರಫ್ತಿನ ಪತ್ರ. ಇವು ಒಂದೇ ಗ್ರಂಥದ ಐದು ಪ್ರತಿಗಳು. ಒಬ್ಬೊಬ್ಬರು ಒಂದೊಂದು ಪ್ರತಿಯನ್ನು ಮಾತ್ರ ಓದುತ್ತಿದ್ದಷ್ಟು ಕಾಲ ಯಾವುದರಲ್ಲಿಯೂ ದೋಷ ಕಾಣಲಿಲ್ಲ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರೂ ಅವರಿಗೆ ನೆರವಾದ ಅರಣ್ಯಾಧಿಕಾರಿ ಯು. ವಿ. ಸಿಂಗ್ ಅವರೂ ಮಾಡಿದ ಕಾರ್ಯವೆಂದರೆ ಈ ಪ್ರತಿಗಳನ್ನು ಎದುರುಬದುರಾಗಿಟ್ಟು ಹೋಲಿಸಿದ್ದು. ಬಂದರಿನಲ್ಲಿ ಹಡಗೇರಿದ ಅದಿರಿನ ತೂಕ ಪರವಾನಗಿಗಳ ಮೊತ್ತಕ್ಕಿಂತ ಸುಮಾರು ೨ ಕೋಟಿ ೯೮ ಲಕ್ಷ ಟನ್ ಹೆಚ್ಚಾಗಿತ್ತು. ೨೦೧೧ರ ಜುಲೈ ತಿಂಗಳಿನಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯಕ್ಕಾದ ನಷ್ಟವನ್ನು ೧೬,೦೮೫ ಕೋಟಿ ರೂಪಾಯಿಯೆಂದು ಅಂದಾಜುಮಾಡಲಾಯಿತು. ಆ ವರದಿಯನ್ನು ರಾಜಕೀಯ ದಾಖಲೆಯೆಂದು ಮಾತ್ರ ಓದುವವರುಂಟು. ನಮಗೆ ಅದು, ಇದುವರೆಗೆ ಈ ನಾಡಿನಲ್ಲಿ ಸಾಗಣೆಯ ಅಂಕಿಗಳ ಮೇಲೆ ನಡೆದ ಪಾಠಪರಿಷ್ಕರಣಗಳಲ್ಲೆಲ್ಲ ಶ್ರೇಷ್ಠವಾದುದೆಂದು ತೋರುತ್ತದೆ. ಡಿ. ಎಲ್. ನರಸಿಂಹಾಚಾರ್ಯರಂಥವರು ಪ್ರತಿಗಳನ್ನು ಹೋಲಿಸಿ ಪದ್ಯಕ್ಕೆ ಮಾಡಿದ ಉಪಕಾರವನ್ನು ಇವರು ಅದಿರಿನ ಪಟ್ಟಿಗೆ ಮಾಡಿದರು.

ಯೋಜಕನ ದೃಷ್ಟಿಯಿಂದ ಇದರಲ್ಲಿ ಅಡಗಿರುವ ಅಪಾಯವನ್ನು ನೋಡಬೇಕು. ಬಂದರಿನ ಲೆಕ್ಕ ಸುಳ್ಳಲ್ಲ. ಅಷ್ಟು ಅದಿರು ನಿಜವಾಗಿಯೂ ಹಡಗೇರಿತು, ಅಷ್ಟು ಲಾರಿಗಳು ನಿಜವಾಗಿಯೂ ಘಟ್ಟವಿಳಿದುವು, ರಸ್ತೆಗಳು ನಿಜವಾಗಿಯೂ ಕಿತ್ತುಹೋದುವು. ಆದರೆ ಅದು ನ್ಯಾಯವಾಗಿ ಆ ಗ್ರಂಥಕ್ಕೆ ಸೇರಿದ ಭಾಗವಲ್ಲ, ಹೊರಗಿನಿಂದ ಸೇರಿಕೊಂಡದ್ದು. ೨೦೧೦ರ ಜುಲೈನಲ್ಲಿ ರಾಜ್ಯ ಸರಕಾರ ಅದಿರಿನ ರಫ್ತನ್ನು ತಡೆಯಿತು. ೨೦೧೧ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಗಣಿಗಳು ಮಿತಿಗೊಳಪಟ್ಟು ತೆರೆದುವು. ರಫ್ತಿನ ನಿರ್ಬಂಧ ಸಡಿಲವಾದದ್ದು ೨೦೨೨ರಲ್ಲಿ. ಹೀಗಿರಲು ೨೦೦೭-೦೮ನ್ನೋ ಅದರ ಆಚೀಚಿನ ಒಂದು ವರ್ಷವನ್ನೋ ಆಧಾರವಾಗಿಟ್ಟುಕೊಂಡು, ಅಲ್ಲಿಂದ ವರ್ಷಕ್ಕೆ ಇಷ್ಟರಂತೆ ಏರುವುದೆಂದು ಗೆರೆಯೆಳೆದವನು ತನಗರಿವಿಲ್ಲದೆಯೇ ಕಳ್ಳಸಾಗಣೆಗೆ ಹಳಿಯನ್ನು ಯೋಜಿಸುತ್ತಿದ್ದಾನೆ. ರೈಟ್ಸ್ ಅಧ್ಯಯನದ ಆಧಾರವರ್ಷವು ಈ ಅವಧಿಯ ನಟ್ಟನಡುವೆ ಬಿದ್ದದ್ದು ಯಾರ ತಪ್ಪೂ ಅಲ್ಲ. ಆದರೆ ಅದನ್ನು ಬಳಸುವವರು ಅಡಿಟಿಪ್ಪಣಿಯಿಲ್ಲದೆ ಬಳಸಿದರೆ ತಪ್ಪು ಅವರದು.

ಇದು ಬರಿಯ ತರ್ಕದ ಮಾತಲ್ಲ. ಹುಬ್ಬಳ್ಳಿಯಿಂದ ಅಂಕೋಲೆಗೆ ಸುಮಾರು ೧೬೪ ಕಿಲೋಮೀಟರಿನ ರೈಲುಮಾರ್ಗದ ಪ್ರಸ್ತಾಪ ೧೯೯೦ರ ದಶಕದಿಂದ ಇದೆ. ಬಳ್ಳಾರಿ ಹೊಸಪೇಟೆಗಳ ಅದಿರನ್ನು ಕರಾವಳಿಗೆ ಮುಟ್ಟಿಸುವುದು ಅದರ ಪರವಾಗಿ ಎತ್ತಿದ ವಾದಗಳಲ್ಲಿ ಮುಖ್ಯವಾದುದು. ಮಾರ್ಗವು ಹಾಯಬೇಕಾದದ್ದು ಪಶ್ಚಿಮಘಟ್ಟದ ದಟ್ಟವಾದ ಕಾಡಿ
ನ ನಡುವೆ. ಸರ್ವೋಚ್ಚ ನ್ಯಾಯಾಲಯದ ಕೇಂದ್ರ ಉನ್ನತಾಧಿಕಾರ ಸಮಿತಿ ೨೦೧೫ರಲ್ಲಿ ಅದು ಬೇಡವೆಂದಿತು. ರಾಜ್ಯದ ವನ್ಯಜೀವಿ ಮಂಡಳಿ ೨೦೨೦ರ ಮಾರ್ಚಿಯಲ್ಲಿ ಆಗಬಹುದೆಂದಿತು. ವಿಷಯವು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆ ಮಾರ್ಗ ಬೇಕೋ ಬೇಡವೋ ಎಂಬುದನ್ನು ಇಲ್ಲಿ ತೀರ್ಮಾನಿಸುವುದು ನಮ್ಮ ಉದ್ದೇಶವಲ್ಲ. ಉತ್ತರ ಕರ್ನಾಟಕಕ್ಕೆ ಸಮುದ್ರದ ಬಾಗಿಲು ತೆರೆಯಬೇಕೆಂಬ ಹಂಬಲ ನ್ಯಾಯವಾದುದೇ. ಆದರೆ ವಾದದ ಎರಡೂ ಪಕ್ಷದವರು ಮುಂದಿಡುವ ಸಾಗಣೆಯ ಅಂಕಿಗಳಲ್ಲಿ ಅದಿರು ಎಷ್ಟು, ಅದರಲ್ಲಿ ಪರವಾನಗಿಯುಳ್ಳದ್ದೆಷ್ಟು, ಯಾವ ವರ್ಷದ್ದು ಎಂಬುದನ್ನು ಬಿಡಿಸಿ ತೋರಿಸದೆ ಕೊಟ್ಟ ಯಾವ ತೀರ್ಪೂ ಅಪಪಾಠದ ಮೇಲೆ ಬರೆದ ಟೀಕೆಯಾಗುವುದು.

ಘಟ್ಟದ ಮಾತು ಬಂದುದರಿಂದ ದೂರದ ಪಾಠದೋಷವನ್ನೂ ಹೇಳಿಬಿಡಬಹುದು. ನಕಾಶೆಯಲ್ಲಿ ಅಳೆದ ದೂರವೇ ಸಾಗಣೆಯ ದೂರವೆಂದು ಅನೇಕ ಲೆಕ್ಕಗಳು ಭಾವಿಸುತ್ತವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು ೫೫ ಕಿಲೋಮೀಟರು. ಆದರೆ ಅಲ್ಲಿನ ಏರಿಳಿತ ಐವತ್ತಕ್ಕೆ ಒಂದು, ಸುರಂಗಗಳು ೫೭, ಭಾರವಾದ ಗಾಡಿಯನ್ನು ಮುಂದಿನಿಂದ ಎಳೆದು ಹಿಂದಿನಿಂದ ನೂಕಬೇಕು. ೧೯೭೯ರಲ್ಲಿ ಮೀಟರ್‌ಗೇಜಾಗಿ ತೆರೆದ ಈ ಹಾದಿ ೧೯೯೬ರಲ್ಲಿ ಅಗಲಮಾಡುವುದಕ್ಕಾಗಿ ಮುಚ್ಚಿ, ಸರಕಿನ ಗಾಡಿಗಳಿಗೆ ಮತ್ತೆ ತೆರೆದದ್ದು ೨೦೦೬ರಲ್ಲಿ. ೨೦೧೮ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಕುಸಿದು ಈ ಹಳಿಯೂ ಪಕ್ಕದ ಶಿರಾಡಿ ಘಟ್ಟದ ರಸ್ತೆಯೂ ಏಕಕಾಲದಲ್ಲಿ ಕಡಿದುಹೋದುವು. ೨೦೨೪ರ ಜುಲೈನಲ್ಲಿ ಎಡಕುಮರಿಯ ಬಳಿ ಹಳಿಯ ಕೆಳಗಣ ಮಣ್ಣು ಮತ್ತೆ ಜಾರಿತು. ಒಂದು ಮಾರ್ಗ ಕೆಟ್ಟರೆ ಇನ್ನೊಂದಿದೆಯೆಂಬುದು ಬಹುಮಾರ್ಗದ ಯೋಜನೆಯ ಜೀವಾಳ. ಎರಡೂ ಒಂದೇ ಗುಡ್ಡದ ಬುಡದಲ್ಲಿದ್ದರೆ ಆ ಎರಡು ಒಂದೇ ಎಂದೆಣಿಸಬೇಕು. ಗತಿಶಕ್ತಿಯ ನಕಾಶೆಯಲ್ಲಿ ರಸ್ತೆ, ಹಳಿ, ಕಾಡು, ಕೊಳವೆಗಳ ನೂರಾರು ಪದರಗಳಿವೆಯೆಂದು ಕೇಳಿ ಸಂತೋಷಪಡುತ್ತೇವೆ. ಅವು ದಾರಿಗಳನ್ನು ತೋರುತ್ತವೆ. ದಾರಿಯ ಮೇಲೆ ನಡೆಯುವ ಸರಕನ್ನಲ್ಲ, ಅದು ನಿಂತುಹೋಗುವ ದಿನಗಳನ್ನಂತೂ ಅಲ್ಲವೇ ಅಲ್ಲ.

ಒಂದೇ ಸರಕು ಎರಡು ಮಾರ್ಗಗಳಲ್ಲಿ ಹೋದಾಗ ಅದನ್ನು ಎಲ್ಲಿ ಬರೆಯಬೇಕು? ಕೊಂಕಣ ರೈಲ್ವೆಯವರು ೧೯೯೯ರ ಜನವರಿಯಿಂದ ತುಂಬಿದ ಲಾರಿಗಳನ್ನೇ ವ್ಯಾಗನುಗಳ ಮೇಲೇರಿಸಿ ಸಾಗಿಸುತ್ತಿದ್ದಾರೆ; ೨೦೦೪ರಿಂದ ಈ ಸೌಕರ್ಯ ಸುರತ್ಕಲ್ಲಿನವರೆಗೆ ಬಂದಿದೆ. ಅಂಥ ಲಾರಿಯೊಳಗಿನ ಸರಕು ರಸ್ತೆಯದೋ ರೈಲಿನದೋ? ಎರಡರಲ್ಲಿಯೂ ಬರೆದರೆ ಪುನರುಕ್ತಿ, ಒಂದರಲ್ಲಿ ಬರೆದರೆ ಅರ್ಧಸತ್ಯ. ಕುದುರೆಮುಖದ ಅದಿರಿನ ಕಥೆ ಇನ್ನೂ ವಿಚಿತ್ರ. ೨೦೦೫ರ ಕೊನೆಗೆ ನ್ಯಾಯಾಲಯದ ಆಜ್ಞೆಯಂತೆ ಗಣಿ ನಿಲ್ಲುವವರೆಗೆ ಅದು ನೀರಿನಲ್ಲಿ ಕದಡಿಹೋಗಿ, ಸುಮಾರು ೬೭ ಕಿಲೋಮೀಟರಿನ ಕೊಳವೆಯಲ್ಲಿ ಘಟ್ಟವಿಳಿದು ಪಣಂಬೂರಿಗೆ ಬರುತ್ತಿತ್ತು. ರೈಲಿನ ಪಟ್ಟಿಯಲ್ಲಿ ಅದರ ಸುಳಿವಿಲ್ಲ, ಲಾರಿಯ ಗೊಡವೆ ಅದಕ್ಕಿಲ್ಲ; ಬಂದರಿನಲ್ಲಿ ಮಾತ್ರ ಲಕ್ಷಾಂತರ ಟನ್ನಾಗಿ ಥಟ್ಟನೆ ಪ್ರತ್ಯಕ್ಷ. ಗಣಿ ನಿಂತ ಮೇಲೆ ಅದೇ ಬಂದರಿಗೆ ಉಂಡೆಯ ಕಾರ್ಖಾನೆಗಾಗಿ ಅದಿರು ಹೊರಗಿನಿಂದ ಒಳಕ್ಕೆ ಬರತೊಡಗಿತು. ನವಮಂಗಳೂರಿನ ಪಟ್ಟಿಯಲ್ಲಿ ಕಬ್ಬಿಣದ ಅದಿರು ಎಂಬ ಒಂದೇ ಸಾಲನ್ನು ಇಪ್ಪತ್ತು ವರ್ಷ ಉದ್ದಕ್ಕೂ ಓದಿಕೊಂಡು ಹೋಗುವವನಿಗೆ ದಿಕ್ಕು ತಿರುಗಿದ್ದು ತಿಳಿಯುವುದಿಲ್ಲ.

ಅನ್ಯದೇಶಗಳಲ್ಲಿ ಈ ಕಾರ್ಯ ಹೇಗೆ ನಡೆಯುತ್ತಿದೆಯೆಂದು ಕೇಳಿದರೆ, ಅಮೆರಿಕಾ ಸಂಯುಕ್ತ ಸಂಸ್ಥಾನದ ಉದಾಹರಣೆ ಯೋಗ್ಯವಾದುದು. ಅಲ್ಲಿ ೧೯೯೩ರಿಂದ ಸುಮಾರು ಐದು ವರ್ಷಗಳಿಗೊಮ್ಮೆ ಸರಕಿನ ಹರಿವಿನ ಸಮೀಕ್ಷೆ ನಡೆಯುತ್ತದೆ. ವಾಹನವನ್ನಲ್ಲ, ಸರಕನ್ನು ಕಳುಹಿಸುವವನನ್ನು ಕೇಳುತ್ತಾರೆ. ೨೦೧೭ರಲ್ಲಿ ಸುಮಾರು ಒಂದು ಲಕ್ಷ ಕಾರ್ಯಸ್ಥಾನಗಳನ್ನು ಕೇಳಿದರು. ಅದರ ಮೇಲೆ ಕಟ್ಟಿದ ಸರಕು ವಿಶ್ಲೇಷಣೆಯ ಚೌಕಟ್ಟು ದೇಶವನ್ನು ೧೩೨ ವಲಯಗಳಾಗಿ ವಿಂಗಡಿಸಿ, ಪದಾರ್ಥ, ಮಾರ್ಗ, ತೂಕ, ಬೆಲೆಗಳನ್ನು ಯಾರು ಬೇಕಾದರೂ ಪಡೆಯುವಂತೆ ಪ್ರಕಟಿಸುತ್ತದೆ. ಹಲವು ಮಾರ್ಗಗಳಲ್ಲಿ ಹೋದ ಸರಕಿಗೆ ಅಲ್ಲಿ ಪ್ರತ್ಯೇಕ ಅಂಕಣವೇ ಉಂಟು. ಅದು ನಿರ್ದುಷ್ಟವೆಂದಲ್ಲ. ಹೊಲದಿಂದ ಹೊರಡುವ ಬೆಳೆಯಂಥ ಎಷ್ಟೋ ಸರಕು ಸಮೀಕ್ಷೆಯ ಹೊರಗುಳಿದು ಗಣಿತದಿಂದ ಊಹಿತವಾಗುತ್ತದೆ. ವಲಯಗಳು ಬಹಳ ದೊಡ್ಡವಾದುದರಿಂದ ಒಂದು ಚಿಕ್ಕ ಪ್ರಾಂತದ ಯೋಜಕನು ಅವನ್ನು ಉದ್ಯೋಗಿಗಳ ಸಂಖ್ಯೆಗೆ ತಕ್ಕಂತೆ ಒಡೆದು ಹಂಚಿಕೊಳ್ಳಬೇಕಾಗುವುದು, ಅದೂ ಊಹಾಪಾಠವೇ. ಆದರೆ ಯಾವುದು ಕೇಳಿ ಬರೆದದ್ದು, ಯಾವುದು ಊಹಿಸಿ ತುಂಬಿದ್ದು ಎಂಬುದನ್ನು ಅಲ್ಲಿಯ ಸಂಪಾದಕರು ವಿವರಿಸಿದ್ದಾರೆ. ನಮ್ಮ ವಿಮರ್ಶೆಯ ಪ್ರಧಾನವಾದ ಬೇಡಿಕೆ ಇಷ್ಟೆ. ಶಾಸನದಲ್ಲಿ ಅಳಿಸಿಹೋದ ಅಕ್ಷರವನ್ನು ಊಹಿಸಿ ತುಂಬಿದ ಸಂಪಾದಕನು ಅದನ್ನು ಕಂಸದೊಳಗೆ ಅಚ್ಚುಮಾಡಿಸುತ್ತಾನೆ. ಕಂಸವಿಲ್ಲದೆ ಅಚ್ಚುಮಾಡಿಸಿದವನನ್ನು ನಾವು ಪಂಡಿತನೆನ್ನುವುದಿಲ್ಲ. ಲೆಕ್ಕದ ಪಟ್ಟಿಗಳಿಗೆ ಈ ನಿಯಮದಿಂದ ವಿನಾಯಿತಿ ಯಾರು ಕೊಟ್ಟರು?

ಈ ಕೆಲಸ ಸರಕಾರದಿಂದಲೇ ಆಗಬೇಕೆಂದು ಕಾದು ಕುಳಿತಿರಬೇಕಾಗಿಲ್ಲ. ಕೊಲ್ಕತ್ತೆಯ ಸಂಪುಟಗಳಲ್ಲಿ ರೈಲಿನಿಂದ ಕರ್ನಾಟಕದೊಳಗೆ ಬಂದ ಮತ್ತು ಹೊರಹೋದ ಸರಕಿನ ಕೋಷ್ಟಕಗಳೂ, ನವಮಂಗಳೂರು ಬಂದರಿನ ವಾರ್ಷಿಕ ವರದಿಗಳೂ, ರಾಜ್ಯದ ಸಣ್ಣ ಬಂದರುಗಳ ಲೆಕ್ಕಗಳೂ ಅಚ್ಚಾಗಿ ಗ್ರಂಥಾಲಯಗಳನ್ನು ಸೇರಿವೆ. ಇವನ್ನು ಒಂದೊಂದು ಪದಾರ್ಥವಾಗಿ ಎದುರುಬದುರಿಟ್ಟು, ಹೊಂದುವ ಕಡೆ ಹೊಂದಿಸಿ, ಹೊಂದದ ಕಡೆ ವ್ಯತ್ಯಾಸವನ್ನು ಗುರುತುಹಾಕುವ ಕಾರ್ಯಕ್ಕೆ ಬೇಕಾದುದು ತಾಳ್ಮೆಯೇ ಹೊರತು ಯಂತ್ರವಲ್ಲ. ಕೈಹಾಕಲೆಳಸುವವರು ೨೦೦೪ರಿಂದ ೨೦೦೭ರವರೆಗಿನ ವರ್ಷಗಳಿಂದ ಮೊದಲುಮಾಡುವುದು ಲೇಸೆಂದು ತೋರುತ್ತದೆ. ಕುದುರೆಮುಖದ ಕೊಳವೆ ಬತ್ತಿದ್ದೂ ಸಕಲೇಶಪುರದ ಹಳಿ ತೆರೆದದ್ದೂ ಬಳ್ಳಾರಿಯ ಅದಿರು ಉಕ್ಕತೊಡಗಿದ್ದೂ ಆ ಅವಧಿಯಲ್ಲೇ ಆದುದರಿಂದ, ಮೂರು ಮಾರ್ಗಗಳ ಲೆಕ್ಕಗಳು ಒಂದನ್ನೊಂದು ಎಲ್ಲಿ ಸಮರ್ಥಿಸುತ್ತವೆ, ಎಲ್ಲಿ ಅಲ್ಲಗಳೆಯುತ್ತವೆ ಎಂಬುದು ಅಲ್ಲಿ ಬೇರೆಲ್ಲಿಯೂ ಕಾಣದಷ್ಟು ಸ್ಪಷ್ಟವಾಗಿ ಕಾಣಬೇಕು.